ಬೇಲಿಯಾಚೆಯ ಹೊಡೆದಾಟದ ಮ್ಯೂಜಿಕ್ಕು

ನಮ್ಮ ದೊಡ್ಡಮ್ಮ ಜನ್ಮದಲ್ಲಿ ಒಂದೇ ಒಂದು ಹೊಡೆದಾಟದ ಸಿನಿಮಾ ನೋಡಿದವಳಲ್ಲ. ಆದರೆ ಹೊಡೆದಾಟದ ಸಿನಿಮಾಗಳ ವಿಷಯದಲ್ಲಿ ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಅವಳನ್ನು ಮೀರಿಸುವವರೂ ಇರಲಿಲ್ಲ! ನೋಡದೆಯೇ ಪಾಂಡಿತ್ಯವೇ ಎಂದು ಹುಬ್ಬೇರಿಸಬೇಡಿ. ಓದದೆಯೇ ಪುಸ್ತಕದ ಮೇಲೆ ಭಾಷಣ ಬಿಗಿಯುವವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಅವರಿಗೆ ಶಾಲು ಹೊದಿಸುತ್ತೇವೆ, ದೊಡ್ಡಮ್ಮನಿಗೆ ಮಾತ್ರ ತಿಕ್ಕಲು ಎಂದೆವು. ಆ ತಿಕ್ಕಲಿನ ದೆಸೆಯಿಂದ ನನ್ನ ಮದುವೆಯೇ ಆಗದೆ ಉಳಿಯುವ ಹಾಗಾಗಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಸುಮ್ಮನೆ ನಗುತ್ತಾ ಕೂರುತ್ತೀರಿ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು. ಮುಳಬಾಗಿಲಿನಿಂದ ನಂಗಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಾಚೆ ಸಿನಿಮಾ ಟೆಂಟು, ಅದರ ಬೇಲಿಗೆ ಅಂಟಿಕೊಂಡೇ ನಮ್ಮ ರೇಷ್ಮೆ ಹುಳುವಿನ ಮನೆ. ಹುಳು ಸಾಕಿದವರಿಗೆ ಆ ಜೈಲು ಗೊತ್ತು. ತಟ್ಟೆಯಲ್ಲಿ ಹುಳು ಇದ್ದಷ್ಟು ದಿನವೂ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹತ್ತಿರದವರ ಮದುವೆಗೂ ಹೋಗುವಂತಿಲ್ಲ. ಒಂದು ಬೆಳೆಯ ಗೂಡು ಮಾರಿ ಉಸಿರು ಬಿಡುವಷ್ಟರಲ್ಲಿ ಮುಂದಿನ ಬೆಳೆಯ ಮೊಟ್ಟೆ ಮನೆಗೆ ಬಂದಿರುತ್ತಿತ್ತು. ಹೀಗಾಗಿ ಊರಿನವರೆಲ್ಲ ಬೇಲಿಯ ಆಚೆ ಮರಳಿನ ಮೇಲೆ ಕೂತು ಸಿನಿಮಾ ನೋಡುವಾಗ, ದೊಡ್ಡಮ್ಮ ಬೇಲಿಯ ಈಚೆ ಸೊಪ್ಪು ಹೆಚ್ಚುತ್ತಾ ಸಿನಿಮಾ ಕೇಳುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಒಬ್ಬ ಪತ್ತೇದಾರನ ಸಿನಿಮಾಗಳು ಒಂದರ ಹಿಂದೊಂದು ಬಂದವು, ಒಟ್ಟು ನಾಲ್ಕು. ನಾಲ್ಕರಲ್ಲೂ ಹೀರೋ ಅವನೇ, ಅವನೆದುರಿನ ಕೇಡಿಯೂ ಒಬ್ಬನೇ. ಪ್ರತಿ ಸಿನಿಮಾದ ಕೊನೆಯಲ್ಲಿ ಕೇಡಿ ಸುಟ್ಟು ಬೂದಿಯಾಗುತ್ತಿದ್ದ, ಮುಂದಿನದರಲ್ಲಿ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬರುತ್ತಿದ್ದ. ಪೇಟೆಯಲ್ಲೆಲ್ಲ ಓಡಿ ಸವೆದ ಮೇಲೆ ಅವು ನಮ್ಮ ಟೆಂಟಿಗೆ ಬರುತ್ತಿದ್ದವು, ಬಂದರೆ ಬೇಗ ಹೋಗುತ್ತಿರಲಿಲ್ಲ. ಅವುಗಳ ಹಾಡು ಊರಿನ ಎಮ್ಮೆಗಳಿಗೂ ಬಾಯಿಪಾಠವಾಗಿತ್ತು. ದೊಡ್ಡಮ್ಮನಿಗೆ ಹಾಡು ಬೇಡ.

"ಹಾಡು ಎಲ್ರಿಗೂ ಕೇಳ್ಸುತ್ತೆ ಕಣೇ. ಹೊಡೆದಾಡೋವಾಗ ಹಿಂದ್ಗಡೆ ಒಂದು ಬರ್ತದಲ್ಲ, ಅದನ್ನ ಕೇಳ್ಬೇಕು" ಎನ್ನುತ್ತಿದ್ದಳು.

ಹಿಂದ್ಗಡೆ ಬರುವುದಕ್ಕೆಲ್ಲ ಅವಳೇ ಹೆಸರಿಟ್ಟಿದ್ದಳು. ಓಡೋ ಮ್ಯೂಜಿಕ್ಕು, ಬಾಗ್ಲು ತಳ್ಳೋ ಮ್ಯೂಜಿಕ್ಕು, ಮೆಟ್ಲು ಹತ್ತೋ ಮ್ಯೂಜಿಕ್ಕು. ಮೊದಲನೆಯದರಲ್ಲಿ ಓಟ ಚೆನ್ನ, ಆದರೆ ಮೆಟ್ಟಿಲು ಸಪ್ಪೆ. ಎರಡನೆಯದರಲ್ಲಿ ಎಲ್ಲವೂ ಹದ. ಮೂರನೆಯದು ಬರೀ ಗಲಾಟೆ. ನಾಲ್ಕನೆಯದರ ಬಗ್ಗೆ ಮಾತ್ರ ತೀರ್ಪು ಕೊಡದೆ, "ಅದು ಬೇರೆ ತರಾ" ಎಂದು ಸುಮ್ಮನಾಗುತ್ತಿದ್ದಳು.

ಕಥೆಯನ್ನೂ ಅವಳು ಸಂಗೀತದಿಂದಲೇ ಕಟ್ಟಿಕೊಳ್ಳುತ್ತಿದ್ದಳು. ಎರಡನೆಯ ಸಿನಿಮಾದ ನಡುವೆ ಪಿಟೀಲು ಅತ್ತು ಅತ್ತು ಕರೆಯುತ್ತದೆ. ಅದನ್ನು ಕೇಳಿ ಹೀರೋನ ತಾಯಿ ಸತ್ತಳೆಂದು ಇವಳು ಎರಡು ದಿನ ಮಂಕಾಗಿದ್ದಳು. ನಾನು ಹೋಗಿ ನೋಡಿಕೊಂಡು ಬಂದೆ.

"ತಾಯಿ ಅಲ್ಲ ದೊಡ್ಡಮ್ಮ, ಅವನ ಜೀಪು ಕಣಿವೆಗೆ ಬೀಳುತ್ತೆ."

"ಜೀಪಿಗೆ ಅಷ್ಟೊಂದು ಪಿಟೀಲಾ?" ಎಂದು ಅವಳು ಈಳಿಗೆ ಕೆಳಗಿಟ್ಟಳು. ಆಮೇಲೆ ಸ್ವಲ್ಪ ಯೋಚಿಸಿ, "ಹೊಸಾ ಜೀಪಿರ್ಬೇಕು ಬಿಡು" ಎಂದು ಸಂಗೀತ ನಿರ್ದೇಶಕನನ್ನು ಕ್ಷಮಿಸಿದಳು.

ಮೂರನೆಯ ಸಿನಿಮಾದವನನ್ನು ಮಾತ್ರ ಕೊನೆಯವರೆಗೂ ಕ್ಷಮಿಸಲಿಲ್ಲ. ಅದಕ್ಕೆ ಕಾರಣವಿದೆ. ಮರಿಹುಳುಗಳಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ದೊಡ್ಡಮ್ಮನ ಕೈ ತಾನಾಗಿಯೇ ಬೇಲಿಯಾಚೆಯ ತಾಳಕ್ಕೆ ಓಡುತ್ತಿತ್ತು. ಎರಡನೆಯದರ ಓಟಕ್ಕೆ ಹೆಚ್ಚಿದರೆ ಸೊಪ್ಪು ಹದವಾಗಿ ಬೀಳುತ್ತಿತ್ತು. ಮೂರನೆಯದರ ಓಟವೋ, ಮೈಮೇಲೆ ದೇವರು ಬಂದವರ ಹಾಗೆ! ಸೊಪ್ಪು ಪುಡಿಪುಡಿಯಾಗಿ, ಹುಳು ಬಾಯಿ ಹಾಕುವ ಮೊದಲೇ ಒಣಗಿ ಹೋಯಿತು. ಆ ಸಲ ಗೂಡು ಬಡಕಲಾದವು. ಊರಿನವರು ಹವೆ ಸರಿಯಿಲ್ಲ ಎಂದರು, ರೇಷ್ಮೆ ಇಲಾಖೆಯವರು ಮೊಟ್ಟೆ ಸರಿಯಿಲ್ಲ ಎಂದರು. ದೊಡ್ಡಮ್ಮ ಮಾತ್ರ, "ಆ ಮ್ಯೂಜಿಕ್ ಮಾಡ್ದೋನು ಒಂದು ಬೆಳೆ ಹುಳು ಸಾಕಿದ್ರೆ ಗೊತ್ತಾಗ್ತಿತ್ತು" ಎಂದಳು. ಸಂಗೀತ ವಿಮರ್ಶೆಯಲ್ಲಿ ಇಷ್ಟು ಗಟ್ಟಿಯಾದ ಮಾನದಂಡವನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡಪ್ಪನಿಗೆ ಇದೆಲ್ಲ ತಲೆನೋವು. ಅವನು ಮನೆಯಲ್ಲಿ ತೆಲುಗು ಮಾತಾಡುವವನು, ಸಿನಿಮಾ ನೋಡಬೇಕೆಂದರೆ ಲಾರಿ ಹತ್ತಿ ಗಡಿಯಾಚೆಗೆ ಹೋಗುವವನು. "ಏಮುಂದೇ ದಾಂಟ್ಲೋ? ಏನಿದೆ ಅದ್ರಲ್ಲಿ? ಡಬ್ಬಾ ಬಡಿಯೋ ಸದ್ದು" ಎಂದು ಒಮ್ಮೆ ಅಂದುಬಿಟ್ಟ.

"ಡಬ್ಬಾ ಮೂರನೇದ್ರಲ್ಲಿ ಕಣ್ರೀ. ಎರಡನೇದ್ರಲ್ಲಿ ಡ್ರಮ್ಮು. ಮೊದ್ಲು ಅದನ್ನ ತಿಳ್ಕೊಂಡು ಬನ್ನಿ, ಆಮೇಲೆ ಬೈಯಿರಿ" ಎಂದಳು ದೊಡ್ಡಮ್ಮ.

ಒಂದು ಸಂಜೆ ಮೊದಲನೆಯ ಸಿನಿಮಾ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ದೊಡ್ಡಮ್ಮ ದೊಡ್ಡಪ್ಪನನ್ನು ಎಬ್ಬಿಸಿ ಟೆಂಟಿಗೆ ಅಟ್ಟಿದಳು. ಮೆಟ್ಲು ಹತ್ತೋ ಮ್ಯೂಜಿಕ್ಕು ಬರಲೇ ಇಲ್ಲ, ಒಂದು ರೀಲು ನುಂಗಿದ್ದಾರೆ, ಕೇಳಿ ಬನ್ನಿ ಎಂದು. ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಶಪಿಸುತ್ತಾ ಹೋದ. ವಿಚಾರಿಸಿದರೆ ನಿಜ! ಬೇಗ ಮುಗಿಸಿ ಊರಿಗೆ ಹೋಗಬೇಕೆಂದು ಮಿಶೀನಿನವನು ಒಂದು ರೀಲು ಹಾರಿಸಿದ್ದ. ಮರಳಿನ ಮೇಲೆ ಕೂತ ಊರಿನವರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಹೀರೋ ಮೆಟ್ಟಿಲು ಹತ್ತದೆಯೇ ಮಹಡಿಯ ಮೇಲೆ ಹೊಡೆದಾಡುತ್ತಿದ್ದರೂ ಶಿಳ್ಳೆ ಹೊಡೆಯುತ್ತಿದ್ದರು.

ಟೆಂಟಿನ ಸಾಹುಕಾರ ತಲೆ ಕೆರೆದುಕೊಂಡು, "ಟಿಕೇಟ್ ತಗೊಂಡೋರೆಲ್ಲ ಸುಮ್ನವ್ರೆ. ಟಿಕೇಟಿಲ್ದೆ ಕಂಪ್ಲೇಂಟ್ ಬಂದಿದ್ದು ಇದೇ ಮೊದ್ಲು ಕಣಣ್ಣ" ಎಂದನಂತೆ.

ಹಾಗಾದರೆ ಒಮ್ಮೆಯಾದರೂ ಹೋಗಿ ನೋಡಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಎರಡು ಬೆಳೆಗಳ ನಡುವೆ ಒಂದು ವಾರ ತಟ್ಟೆಗಳು ಖಾಲಿ ಇದ್ದಾಗ. "ನೋಡಿದ್ರೆ ಕೇಳ್ಸಲ್ಲ ಕಣೇ" ಎಂದಳು. ಕೋಲಾರದಲ್ಲಿದ್ದ ಒಬ್ಬ ದೊಡ್ಡ ಸಂಗೀತ ರಸಿಕರು, ನಮ್ಮ ದೂರದ ನೆಂಟರು, ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಪ್ರತಿ ಕಚೇರಿಯಲ್ಲೂ ಮುಂದಿನ ಸಾಲಿನಲ್ಲಿ ಕೂತು, ಪಲ್ಲವಿ ಶುರುವಾಗುವ ಮೊದಲೇ ಗೊರಕೆ ಹೊಡೆಯುತ್ತಿದ್ದವರು. ಕಣ್ಣು ಮುಚ್ಚಿದರೆ ಅವರು ರಸಿಕರು, ದೊಡ್ಡಮ್ಮ ಮುಚ್ಚಿದರೆ ತಿಕ್ಕಲು!

ಇಷ್ಟೂ ಸಹಿಸಬಹುದಿತ್ತು. ಆದರೆ ನನಗೆ ಗಂಡು ನೋಡುವ ಕಾಲ ಬಂತು. ನನ್ನನ್ನು ಎಂದೋ ದೊಡ್ಡಮ್ಮನ ಕೈಗೆ ಒಪ್ಪಿಸಿದ್ದ ಅಪ್ಪ, "ಎಲ್ಲಾ ಅತ್ತಿಗೆಯವ್ರ ಇಷ್ಟ. ಅವ್ರು ಹ್ಞೂ ಅಂದ್ರೆ ನಂದೂ ಹ್ಞೂ" ಎಂದು ಕೈತೊಳೆದುಕೊಂಡ. ದೊಡ್ಡಮ್ಮನ ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಜಾತಕವಲ್ಲ, ಜಮೀನಲ್ಲ. ನಾಲ್ಕು ಸಿನಿಮಾದಲ್ಲಿ ಯಾವುದರ ಹೊಡೆದಾಟದ ಮ್ಯೂಜಿಕ್ಕು ಚೆನ್ನ?

ಮೊದಲು ಬಂದವನು ಕೋಲಾರದ ಕಚೇರಿಯೊಂದರ ಅಧಿಕಾರಿ. ಕಾಲ ಮೇಲೆ ಕಾಲು ಹಾಕಿಕೊಂಡು, "ನಾನು ಅಂಥಾ ಪಿಚ್ಚರ್ ನೋಡಲ್ಲ" ಎಂದ. "ನಾನೂ ನೋಡಲ್ಲಪ್ಪ, ಕೇಳ್ತೀನಿ ಅಷ್ಟೇ" ಎಂದು ದೊಡ್ಡಮ್ಮ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನಿನ್ನೂ ಅರ್ಧ ಕೂಡ ತಿಂದಿರಲಿಲ್ಲ. ಎರಡನೆಯವನು ಶ್ರೀನಿವಾಸಪುರದ ಮಾವಿನ ತೋಪಿನವರ ಮಗ. ಯಾರೋ ಮೊದಲೇ ಗುಟ್ಟು ಹೇಳಿಕೊಟ್ಟಿದ್ದರು. ಪ್ರಶ್ನೆ ಕೇಳುವ ಮೊದಲೇ, "ಎರಡನೇದು, ಎರಡನೇದು" ಎಂದುಬಿಟ್ಟ. ಅದರಲ್ಲಿ ಯಾವ ಜಾಗ ಎಂದರೆ ಹೀರೋಯಿನ್ನು ಕುಣಿಯುವ ಜಾಗ ಎಂದ. ಅವನು ತಂದಿದ್ದ ಮಾವಿನಹಣ್ಣಿನ ಬುಟ್ಟಿಯನ್ನೂ ವಾಪಸು ಕೊಟ್ಟು ಕಳಿಸಿದೆವು. ಊರಿನಲ್ಲಿ ಗುಸುಗುಸು ಶುರುವಾಯಿತು. ನನ್ನ ಜೊತೆ ಓದಿದವರೆಲ್ಲ ಆಗಲೇ ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದರು.

ಮೂರನೆಯವನು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ತಾಯಿ ತಂದೆಯ ಜೊತೆ ಬಂದ. ಅಂಗಿಯ ತೋಳಿನ ಮೇಲೆ ಕೆಮ್ಮಣ್ಣಿನ ಕಲೆ, ಒಗೆದರೂ ಹೋಗದ್ದು. ಬಾಗಿಲ ಸಂದಿಯಿಂದ ನೋಡಿದೆ, ನೋಡಿದ ಕೂಡಲೇ ಇಷ್ಟವಾಗಿಬಿಟ್ಟ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಒಳಗೆ ಹೋಗಿ ದೊಡ್ಡಮ್ಮನ ಸೆರಗು ಹಿಡಿದು, "ಇವತ್ತೊಂದಿನ ಅದನ್ನ ಕೇಳ್ಬೇಡ ದೊಡ್ಡಮ್ಮ" ಎಂದು ಗೋಗರೆದೆ. ಅವಳು ಸೆರಗು ಬಿಡಿಸಿಕೊಂಡು ಹೊರಗೆ ಹೋದಳು.

ಹುಡುಗನ ತಾಯಿ, ಹೆಣ್ಣು ನೋಡಲು ಬಂದವರೆಲ್ಲ ಕೇಳುವ ಹಾಗೆ, "ಹುಡುಗಿ ಒಂದು ಹಾಡು ಹೇಳ್ಲಿ" ಎಂದರು. "ಹೇಳ್ತಾಳೆ. ಮೊದ್ಲು ನಿಮ್ಮ ಹುಡುಗ ಒಂದು ಹೇಳ್ಲಿ" ಎಂದು ದೊಡ್ಡಮ್ಮ ತನ್ನ ಪ್ರಶ್ನೆ ಹಾಕಿದಳು. ದೊಡ್ಡಪ್ಪ ಸೂರು ನೋಡುತ್ತಾ ಕೂತ. ನಾನು ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಅವನು ಸ್ವಲ್ಪ ಹೊತ್ತು ನೆನಪಿಸಿಕೊಂಡ. "ನಾಲ್ಕೂ ನೋಡಿದ್ದೀನಮ್ಮ. ಹೊಡೆದಾಟ ಎಲ್ಲಾ ಜ್ಞಾಪಕ ಇದೆ. ಮ್ಯೂಜಿಕ್ಕು ಒಂದೂ ಜ್ಞಾಪಕ ಇಲ್ಲ" ಎಂದ. ಇವನ ಉಪ್ಪಿಟ್ಟಿನ ತಟ್ಟೆಯೂ ಒಳಗೆ ಬಂತು ಎಂದುಕೊಂಡೆ. ಅವನು ಮುಂದುವರಿದು, "ಹೆಂಗಿದೆ ಅದು? ಸ್ವಲ್ಪ ಹೇಳಿ ತೋರ್ಸ್ತೀರಾ?" ಎಂದ.

ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ, ಯಾರೂ ಕೇಳದ ಮಾತು ಅದು. ದೊಡ್ಡಮ್ಮ ಸಂಗೀತದ ಬಗ್ಗೆ ಹೇಳಿದ್ದು ಲೆಕ್ಕವಿಲ್ಲ, ಆದರೆ ಅವಳು ಬಾಯಿಬಿಟ್ಟು ಗುನುಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ಹುಡುಗನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂದು ಹುಡುಕಿದಳೇನೋ. ಆಮೇಲೆ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಶುರು ಮಾಡಿದಳು.

ಓಟವಲ್ಲ, ಮೆಟ್ಟಿಲಲ್ಲ. ನಾಲ್ಕನೆಯದರ ತುದಿಯಲ್ಲಿ ಒಂದು ಕೊಳಲು ಬರುತ್ತದಂತೆ. ಹೊಡೆದಾಟ ಮುಗಿದು, ಜನ ಚಾಪೆ ಕೊಡವಿಕೊಂಡು ಎದ್ದು ಹೊರಟ ಮೇಲೆ, ಖಾಲಿ ಟೆಂಟಿನಲ್ಲಿ ಬರುವುದು. ನಾನು ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದರೂ ಅದು ಕಿವಿಗೆ ಬಿದ್ದಿರಲಿಲ್ಲ. ದೊಡ್ಡಮ್ಮನ ಗಂಟಲಿನಲ್ಲಿ ಅದು ತೆಳ್ಳಗೆ, ಒಂದೂ ಕಡೆ ತಪ್ಪದೆ ಬಂತು. ಅವಳಿಗೆ ಇಷ್ಟು ಒಳ್ಳೆಯ ಕಂಠವಿದೆಯೆಂದು ಅವಳೇ ಸಾಕಿದ ನನಗೆ ಗೊತ್ತಿರಲಿಲ್ಲ. ಹುಡುಗನ ತಂದೆ ಬಾಯಿಗೆ ಹಾಕಿಕೊಂಡ ಉಪ್ಪಿಟ್ಟನ್ನು ಅಗಿಯುವುದನ್ನೇ ನಿಲ್ಲಿಸಿದ್ದರು. ಇದ್ದಕ್ಕಿದ್ದಂತೆ ಅವಳು ನಿಲ್ಲಿಸಿದಳು.

"ಆಮೇಲೆ?" ಎಂದ ಹುಡುಗ.

"ಆಮೇಲೆ ಮಿಶೀನು ಆಫ್ ಮಾಡ್ಬಿಡ್ತಾರೆ ಕಣಪ್ಪ" ಎಂದು ಅವಳು ಎದ್ದು ಒಳಗೆ ಬಂದಳು.

ನಾನೂ ಹಿಂದೆಯೇ ಹೋದೆ. ಒಲೆಯ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಇವನೇ ಆಗ್ಲಿ ಕಣೇ" ಎಂದಳು. ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಅವಳು, ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದಳು.

"ನನ್ನ ನೋಡಾಕೆ ಬಂದಾಗ ಸೊಪ್ಪು ಕೊಯ್ಯಾಕೆ ಬರ್ತದಾ ಅಂದ್ರು. ಹುಳಕ್ಕೆ ಸೊಪ್ಪು ಹಾಕಾಕೆ ರಾತ್ರಿ ಎದ್ದೇಳ್ತಾಳಾ ಅಂದ್ರು. ಹಾಡಾಕೆ ಬರ್ತದಾ ಅಂತ ಯಾರೂ ಕೇಳ್ಲಿಲ್ಲ."

ಹೊರಗಿನಿಂದ ಹುಡುಗನ ತಾಯಿ ಮತ್ತೆ ಕರೆದರು, ಹುಡುಗಿ ಒಂದು ಹಾಡು ಹೇಳಲಿ ಎಂದು. ನಾನು ಹೋಗಿ ಚಾಪೆಯ ಮೇಲೆ ಕೂತೆ. "ನಮ್ಮನೇಲಿ ಹಾಡೋದು ದೊಡ್ಡಮ್ಮ, ಅವಳನ್ನೇ ಕೇಳಿ" ಎಂದೆ.