ಒಂದು ಆಧಾರ್, ಎರಡು ಸೀಟು

ಸರಕಾರದ ಲೆಕ್ಕದಲ್ಲಿ ನಮ್ಮ ಅತ್ತಿ ಅರ್ಧ ಹೆಂಗಸು, ಅರ್ಧ ಗಂಡಸು! ನಗಬೇಡಿ. ಇದು ನನ್ನ ಕಲ್ಪನೆಯಲ್ಲ. ಅಫಜಲಪುರದಿಂದ ಮುಂಜಾನೆ ಹೊರಡುವ ಬಸ್ಸಿನ ಟಿಕೆಟ್ ಯಂತ್ರವೇ ದಿನಾಲೂ ಕಿರ್ ಕಿರ್ ಎಂದು ಹಾಗೆ ಮುದ್ರಿಸಿ ಕೊಡುತ್ತಿತ್ತು. ಅದು ಹೇಗಾಯಿತೆಂದು ತಿಳಿಯಬೇಕಾದರೆ ನೀವು ಮೊದಲು ಅತ್ತಿಯ ಗಾತ್ರವನ್ನೂ, ಆಮೇಲೆ ಅತ್ತಿಯ ಹಟವನ್ನೂ ತಿಳಿಯಬೇಕು. ಎರಡರಲ್ಲಿ ಯಾವುದು ದೊಡ್ಡದು ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಅತ್ತಿ ಎಂದರೆ ನಮ್ಮಪ್ಪನ ತಂಗಿ. ತೂಕ ಎಷ್ಟೆಂದು ಕೇಳಿದರೆ "ಮೂರಂಕಿ" ಎಂದಷ್ಟೇ ಹೇಳುತ್ತಾಳೆ. ಊಟ ಮಾತ್ರ ಒಂದೂವರೆ ರೊಟ್ಟಿ. ಪಕ್ಕದಲ್ಲಿ ಕೂತ ನಮ್ಮ ಮಾಮಾ, ಅಂದರೆ ಆಕೆಯ ಗಂಡ, ತೊಗರಿ ಕಟ್ಟಿಗೆಯಂಥ ಮನುಷ್ಯ, ಐದು ರೊಟ್ಟಿಯನ್ನು ಬದನೆಕಾಯಿ ಪಲ್ಯದ ಜೊತೆ ಮುಗಿಸಿ ಆರನೆಯದನ್ನು ಹಾಲಿನಲ್ಲಿ ಮುರಿದು ಹಾಕಿಕೊಳ್ಳುತ್ತಾರೆ. ಆದರೆ ಲಗ್ನದ ಊಟದಲ್ಲಿ ಬಡಿಸುವವರು ಮಾಡುವುದೇನು? ಮಾಮಾ ಬೇಡಬೇಡವೆಂದರೂ ಹೋಳಿಗೆ ಮೇಲೆ ಹೋಳಿಗೆ. ಅತ್ತಿಯ ಮುಂದೆ ಬಂದಾಗ ಮಾತ್ರ ಬುಟ್ಟಿ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಪಾಪ, ಅತ್ತಿಯ ಆರೋಗ್ಯದ ಕಾಳಜಿ ಅವರಿಗೆ!

ದಪ್ಪಗಿದ್ದವರ ಮೈ ಎಂದರೆ ಊರ ಮುಂದಿನ ಕಟ್ಟೆ ಇದ್ದಂತೆ. ಯಾರು ಬೇಕಾದರೂ ಬಂದು ಕೂತು ಮಾತಾಡಬಹುದು. ಹೆಸರು ಗೊತ್ತಿಲ್ಲದವರೂ ಜೇನುತುಪ್ಪ, ನಿಂಬೆರಸ, ಬಿಸಿನೀರು ಎಂದು ಶುರುಮಾಡುತ್ತಾರೆ. ಆಳಂದದಲ್ಲಿ ಒಬ್ಬರು ಕಷಾಯ ಕೊಡುತ್ತಾರೆ, ತಿಂಗಳಲ್ಲಿ ಸಣ್ಣಗಾಗುತ್ತೀರಿ ಎಂದು ಯಾರೋ ಕರೆದೊಯ್ದರು. ಅತ್ತಿ ಹಿಡಿದ ಹಟ ಬಿಡುವವಳಲ್ಲ, ಮೂರು ಹೊತ್ತೂ ಕಾಯಿಸಿ ಕುಡಿದಳು. ತಿಂಗಳಾಗುವ ಹೊತ್ತಿಗೆ ಸಣ್ಣಗಾದವರು ಮಾಮಾ! ಒಲೆಯ ಮೇಲೆ ಯಾವಾಗಲೂ ಕಷಾಯವಿದ್ದುದರಿಂದ ಅವರ ರೊಟ್ಟಿಗೆ ಪಾಳಿಯೇ ಬರುತ್ತಿರಲಿಲ್ಲ.

ಇಂಥ ಅತ್ತಿಯ ಕೆಲಸ ಕೂಸುಗಳಿಗೆ ಎರೆಯುವುದು. ಬಾಣಂತಿಯ ಮನೆಗೆ ಹೋಗಿ, ಬಚ್ಚಲಲ್ಲಿ ಮಣೆಯ ಮೇಲೆ ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಸುತ್ತಿ ಮಲಗಿಸುವುದು. ಸಣಕಲು ಹೆಂಗಸರ ಕಾಲ ಮೇಲೆ ಕೂಸು ಜಾರುತ್ತದೆ, ಚೀರುತ್ತದೆ. ಅತ್ತಿಯ ಕಾಲ ಮೇಲೆ ಮಲಗಿದ ಕೂಸಿಗೆ ಎರೆದು ಮುಗಿಯುವ ಮೊದಲೇ ನಿದ್ದೆ. ಅತ್ತಿಯ ಓಣಿಯಲ್ಲಿ ಎಲ್ಲರೂ ಖಾಲಾ ಎನ್ನುವ ಅಜ್ಜಿ ತಮ್ಮ ಏಳೂ ಮೊಮ್ಮಕ್ಕಳಿಗೆ ಆಕೆಯ ಕೈಯಿಂದಲೇ ಎರೆಸಿದವರು. ಅವು ಕಾಲಲ್ಲ, ಗಾದಿ ಎನ್ನುತ್ತಿದ್ದರು.

ತೊಡಕು ಒಂದೇ. ನೆಲಕ್ಕೆ ಕೂತ ಅತ್ತಿ ಏಳಬೇಕಾದರೆ ಇಬ್ಬರು ಎಬ್ಬಿಸಬೇಕು. ಎಬ್ಬಿಸುವವರು ಯಾರೆಂದು ಕೇಳಿ, ಅವರ ರಟ್ಟೆ ನೋಡಿಯೇ ಆಕೆ ಕೂಡುವುದು. ಚೌಡಾಪುರದಲ್ಲಿ ಒಮ್ಮೆ ಹೀಗೆ ಮಾತು ಕೊಟ್ಟಿದ್ದ ಅತ್ತೆ, ಹಿರಿಯ ಸೊಸೆ ಇಬ್ಬರೂ ಮರೆತು ಗಾಣಗಾಪುರಕ್ಕೆ ದರ್ಶನಕ್ಕೆ ಹೋಗಿಬಿಟ್ಟರು. ಮನೆಯಲ್ಲಿ ಉಳಿದವಳು ಹಸಿ ಬಾಣಂತಿ, ಎಬ್ಬಿಸುವುದು ದೂರದ ಮಾತು. ಅತ್ತಿ ಗಾಬರಿಯಾದಳೇ? ಮಂದಿಯನ್ನು ಕೂಗಿದಳೇ? ಊಹೂಂ! ಹೇಗೂ ಕೂತಿದ್ದೇನೆ, ಬಿಸಿನೀರೂ ಇದೆ, ಓಣಿಯಲ್ಲಿ ಬೇರೆ ಕೂಸುಗಳಿದ್ದರೆ ಕಳಿಸಿ ಎಂದು ಅಂಗಳದ ಹುಡುಗರ ಕೈಲಿ ಹೇಳಿಕಳಿಸಿದಳು. ದೇವರ ಪ್ರಸಾದ ಹಿಡಿದು ಅವರು ತಿರುಗಿ ಬರುವುದರೊಳಗೆ ಇನ್ನೂ ಮೂರು ಕೂಸುಗಳು ಎರೆಸಿಕೊಂಡು ಮಲಗಿದ್ದವು. ಆವತ್ತಿನಿಂದ ಚೌಡಾಪುರದಲ್ಲಿ ಆಕೆಯನ್ನು ಕರೆಯುವ ಮನೆಗಳು ಹೆಚ್ಚಾದವು.

ಈಗ ಬಸ್ಸಿಗೆ ಬರೋಣ. ಅಫಜಲಪುರದಲ್ಲಿ ಬಸ್ಸು ಹತ್ತಿ ಚೌಡಾಪುರ, ಗೊಬ್ಬೂರ ಎಂದು ತಿರುಗುವ ಅತ್ತಿ ಮೊದಲಿನಿಂದಲೂ ಎರಡು ಟಿಕೆಟ್ ತೆಗೆಸಿ, ಇಬ್ಬರ ಸೀಟಿನಲ್ಲಿ ಒಬ್ಬಳೇ ರಾಣಿಯ ಹಾಗೆ ಕೂತು ಬರುತ್ತಿದ್ದಳು. ಯಾರಾದರೂ ಸರಿಯಿರಿ ಎಂದರೆ ಎರಡನೆಯ ಟಿಕೆಟನ್ನು ಮುಖದ ಮುಂದೆ ಹಿಡಿಯುವುದು. ಅಲ್ಲಿಗೆ ಮಾತು ಮುಗಿಯಿತು.

ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು! ನಾಡಿನ ಹೆಂಗಸರೆಲ್ಲ ಹರ್ಷಪಟ್ಟರು, ನಾನೂ ಪಟ್ಟೆ. ದುಃಖಪಟ್ಟವಳು ನಮ್ಮ ಅತ್ತಿ ಒಬ್ಬಳೇ. ಒಂದು ಆಧಾರ್ ಕಾರ್ಡಿಗೆ ಒಂದೇ ಪುಕ್ಕಟೆ ಟಿಕೆಟ್ ಎಂದ ಕಂಡಕ್ಟರ್. ಸರಿ, ಇನ್ನೊಂದಕ್ಕೆ ರೊಕ್ಕ ತಗೋ ಎಂದಳು ಅತ್ತಿ. ಹೆಂಗಸರ ಹತ್ತಿರ ರೊಕ್ಕ ತಗೊಂಡರೆ ನನ್ನ ನೌಕರಿ ಹೋಗುತ್ತದೆ ಎಂದ ಅವನು. ಕೊಡುವವಳಿಗೆ ಕೊಡುವ ಮನಸ್ಸಿದೆ, ತಗೊಳ್ಳುವವನಿಗೆ ತಗೊಳ್ಳುವ ಅಧಿಕಾರವಿಲ್ಲ. ಇಂಥ ಜಗಳವನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಎರಡನೆಯ ಟಿಕೆಟ್ ಹೋದ ಮೇಲೆ ಸೀಟಿನ ಮೇಲಿನ ಹಕ್ಕೂ ಹೋಯಿತು. ಯಾರೋ ಬಂದು ಉಳಿದ ನಾಲ್ಕು ಬೆರಳು ಜಾಗದಲ್ಲಿ ಅರ್ಧ ಕುಂಡಿ ಊರಿ, ದಾರಿಯುದ್ದಕ್ಕೂ ಉಸ್ ಉಸ್ ಎಂದು ಉಸಿರು ಬಿಡುವುದು. ಹಿಂದಿನ ಸೀಟಿನವರು ನಗುವುದು. ಅತ್ತಿ ಎರಡು ದಿನ ತಡೆದಳು. ಮೂರನೆಯ ದಿನದಿಂದ ಕೂಡುವುದನ್ನೇ ಬಿಟ್ಟು ಕಂಬ ಹಿಡಿದು ನಿಂತೇ ಬರತೊಡಗಿದಳು. ವಾರದಲ್ಲಿ ಮೊಣಕಾಲು ಬಾತು, ಗೊಬ್ಬೂರಿಗೆ ಬರುವುದು ನಿಂತುಹೋಯಿತು.

ನಾನು ಗೊಬ್ಬೂರಿನ ಶಾಲೆಯಲ್ಲಿ ಟೀಚರು. ಆಗ ನನಗೆ ಏಳು ತಿಂಗಳು. ನನ್ನ ಮನೆಯವರದು ಜೇವರ್ಗಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಅವ್ವ ಇಲ್ಲ, ನಾನು ಎಂಟನೇ ಇಯತ್ತೆಯಲ್ಲಿದ್ದಾಗಲೇ ಹೋದಳು. ನಿನ್ನ ಕೂಸಿಗೆ ನಾನೇ ಎರೆಯುತ್ತೇನೆ, ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಅತ್ತಿ ಮಾತು ಕೊಟ್ಟಿದ್ದಳು. ಆಕೆಗೆ ಬಸ್ಸಿನಲ್ಲಿ ಕೂಡಲು ಜಾಗವಿಲ್ಲವೆಂದರೆ ನನಗೆ ಯಾರೂ ಇಲ್ಲವೆಂದೇ ಅರ್ಥ. ನಗುನಗುತ್ತ ಬರೆಯುತ್ತಿದ್ದೇನೆ, ಆದರೆ ಆಗ ನನಗೆ ನಿಜವಾಗಿಯೂ ಭಯವಾಗಿತ್ತು.

ಉಪಾಯ ಹೂಡಿದವಳು ನಾನೇ. ಅಫಜಲಪುರದಲ್ಲಿ ಅಂಗವಿಕಲರಿಗೆ ಸರ್ಟಿಫಿಕೇಟ್ ಕೊಡುವ ಶಿಬಿರವಿತ್ತು. ಸರ್ಟಿಫಿಕೇಟ್ ಸಿಕ್ಕರೆ ಮುಂದಿನ ಸೀಟು ಕೇಳಿ ಪಡೆಯಬಹುದು ಎಂದು ಅತ್ತಿಯನ್ನು ಹೊರಡಿಸಿದೆ. ಪಾಳಿಯಲ್ಲಿ ನಮ್ಮ ಮುಂದೆ ಮೂರು ಗಾಲಿಯ ಸೈಕಲ್ಲಿನ ಮೇಲೆ ಒಬ್ಬ ಗಡ್ಡದ ಮನುಷ್ಯ. ಅತ್ತಿಯನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾ, ನೀ ನಾಳಿಂದ ಎರಡ ರೊಟ್ಟಿ ಕಮ್ಮಿ ತಿಂದ್ರ ಸಣ್ಣಾಗ್ತಿ. ನಾ ಏನ್ ತಿಂದ್ರ ಕಾಲ ಬರ್ತದ?" ಎಂದ.

ನನಗೆ ಸಿಟ್ಟು ಬಂತು. ಅತ್ತಿಗೆ ಬರಲಿಲ್ಲ. ನಿನ್ನ ಮಾತು ಖರೆ ಎಂದು ಒಪ್ಪಿಕೊಂಡು, ತಾನು ತಿನ್ನುವುದೇ ಒಂದೂವರೆ, ಅದರಲ್ಲಿ ಎರಡು ಹೇಗೆ ಕಳೆಯಲಿ ಎಂದು ಕೇಳಿದಳು. ಅವನು ನಕ್ಕ. ಸರ್ಟಿಫಿಕೇಟ್ ಇದ್ದವನಿಗೆ ಸೀಟಾದರೂ ಸಿಗುತ್ತದೆಯೇ ಎಂದು ಮತ್ತೆ ಕೇಳಿದಳು. ಸೀಟಿನ ಮೇಲೆ ಬೋರ್ಡ್ ಇರುತ್ತದೆ, ಬೋರ್ಡಿಗೆ ಬೆನ್ನು ಹಚ್ಚಿ ಮಂದಿ ಕೂತಿರುತ್ತಾರೆ ಎಂದ. ಪಾಳಿ ಬರುವುದರೊಳಗೆ ಇಬ್ಬರೂ ಕೂಡಿ ಬಸ್ಸಿನ ಏಳು ತಲೆಮಾರನ್ನು ಬೈದು ಮುಗಿಸಿದ್ದರು.

ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಏನು ತೊಂದರೆ ಎಂದು ಕೇಳಿದರು.

"ನನಗೇನೂ ಇಲ್ರಿ ಸಾಹೇಬ್ರ. ಸೀಟು ಸಣ್ಣದ ಆಗ್ಯದ. ಅದನ್ನ ಬರೀರಿ."

ಡಾಕ್ಟರು ಚಷ್ಮಾ ತೆಗೆದು ಒರೆಸಿಕೊಂಡರು. ಮೈ ದಪ್ಪವಿರುವುದು ಈ ಪಟ್ಟಿಯಲ್ಲಿ ಬರುವುದಿಲ್ಲ, ಬೇಕಿದ್ದರೆ ಮೊಣಕಾಲಿನ ಎಕ್ಸ್‌ರೇ ತೆಗೆಸಿ, ಅದರಲ್ಲೇನಾದರೂ ಕಂಡರೆ ನೋಡೋಣ ಎಂದರು. ಹೂಂ ಅನ್ನು ಎಂದು ನಾನು ಮೊಣಕೈಯಿಂದ ತಿವಿದೆ. ಅತ್ತಿ ಹೂಂ ಅನ್ನುವವಳೇ? ಇಷ್ಟು ವರ್ಷ ಇಷ್ಟು ಭಾರ ಹೊತ್ತ ಮೊಣಕಾಲಿನ ಮೇಲೆ ಈಗ ತಪ್ಪು ಹೊರಿಸಲು ನನಗೆ ಮನಸ್ಸಾಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಎದ್ದಳು. ಮನೆಗೆ ಬರುವಾಗ ನಾನು ಸಿಟ್ಟಿನಿಂದ, ಹಾಗಾದರೆ ನೀನು ಅಂಗವಿಕಲಳೋ ಅಲ್ಲವೋ, ಒಂದು ತೀರ್ಮಾನ ಹೇಳು ಎಂದೆ.

"ಬಸ್ಸಿನ್ಯಾಗ ಹೌದು ಬೇ. ಕೂಸು ಕಾಲ ಮ್ಯಾಲ ಇದ್ದಾಗ ಅಲ್ಲ. ಅರ್ಧ ದಿನದ ಸರ್ಟಿಫಿಕೇಟ್ ಕೊಡ್ತಾರೇನು, ಕೇಳು."

ದೊಡ್ಡ ದೊಡ್ಡವರು ಈ ವಿಷಯ ಚರ್ಚಿಸುವುದನ್ನು ಆಮೇಲೆ ಟೀವಿಯಲ್ಲಿ ಕೇಳಿದ್ದೇನೆ. ರೋಗ ಎನ್ನುವವರುಂಟು, ವೈಕಲ್ಯ ಎನ್ನುವವರುಂಟು, ನಾಲಗೆ ಚಪಲ ಎನ್ನುವವರಂತೂ ಬೇಕಾದಷ್ಟು. ಅತ್ತಿಯಷ್ಟು ಸರಳವಾಗಿ ಒಬ್ಬರೂ ಹೇಳಲಿಲ್ಲ. ಆದರೆ ಶಿಬಿರಕ್ಕೆ ಹೋದ ಸುದ್ದಿ ಆಕೆಗಿಂತ ಮೊದಲೇ ಬಸ್ಸು ಹತ್ತಿ ಚೌಡಾಪುರ ಮುಟ್ಟಿತ್ತು. ಅಂಗವಿಕಲಳಾದವಳ ಕೈಗೆ ಕೂಸು ಹೇಗೆ ಕೊಡುವುದು ಎಂದು ಎರಡು ಮನೆಯವರು ಬರಬೇಡವೆಂದರು. ಆ ದಿನ ಅತ್ತಿ ಒಂದೂವರೆ ರೊಟ್ಟಿಯನ್ನೂ ಉಣ್ಣಲಿಲ್ಲ ಎಂದು ಮಾಮಾ ಫೋನಿನಲ್ಲಿ ಹೇಳಿದರು. ತಪ್ಪು ನನ್ನದೇ ಅನ್ನಿಸಿ ನಾನು ಬಹಳ ನೊಂದುಕೊಂಡೆ.

ಮರುದಿನ ಅತ್ತಿ ಸೆರಗು ಸಿಗಿಸಿಕೊಂಡು ಬಸ್ ಡಿಪೋಕ್ಕೆ ಹೋದಳು. ನನಗೆ ಎರಡು ಸೀಟು ಬೇಕು, ಒಂದಕ್ಕೆ ರೊಕ್ಕ ಕೊಡುತ್ತೇನೆ ಎಂದಳು. ಮ್ಯಾನೇಜರರು ನಿಯಮ ಇಲ್ಲ ಎಂದರು. ಅದರ ಮರುದಿನ ಮತ್ತೆ ಹೋದಳು. ಇಲ್ಲ ಎಂದರು. ಮೂರನೆಯ ದಿನ ಆಕೆ ಬರುವುದನ್ನು ಕಿಟಕಿಯಿಂದ ಕಂಡೇ ಮ್ಯಾನೇಜರರು ಕಂಡಕ್ಟರನನ್ನು ಕರೆಸಿ, ಏನಾದರೂ ದಾರಿ ಹುಡುಕಪ್ಪ ಎಂದರಂತೆ. ಅವನು ತಲೆ ಕೆರೆದುಕೊಂಡು ಹುಡುಕಿದ. ಹೆಂಗಸಿಗೆ ಎರಡು ಟಿಕೆಟ್ ಕೊಡಲು ಯಂತ್ರ ಒಪ್ಪುವುದಿಲ್ಲ, ಆದರೆ ಗಂಡಸಿನ ಟಿಕೆಟಿಗೆ ಅದು ಯಾವ ಕಾರ್ಡನ್ನೂ ಕೇಳುವುದಿಲ್ಲ! ಅಂದಿನಿಂದ ಅತ್ತಿಗೆ ಎರಡು ಟಿಕೆಟ್. ಹೆಂಗಸು ಒಂದು, ಪುಕ್ಕಟೆ. ಗಂಡಸು ಒಂದು, ಫುಲ್.

ವಾರವಾಗಿರಬೇಕು, ತಪಾಸಣೆಯವರು ಬಸ್ಸು ಹತ್ತಿದರು. ಅತ್ತಿಯ ಕೈಯಲ್ಲಿ ಎರಡು ಟಿಕೆಟ್ ಕಂಡು, ಈ ಗಂಡಸು ಎಲ್ಲಿ ಎಂದು ಕೇಳಿದರು. ಕಂಡಕ್ಟರ್ ಮೆಲ್ಲಗೆ ಹಿಂದಿನ ಸೀಟಿನ ಕಡೆ ಸರಿದ.

"ಇಲ್ಲೇ ಅದಾನ್ರಿ," ಎಂದಳು ಅತ್ತಿ. "ಅರ್ಧ ನಾನು, ಅರ್ಧ ಅಂವ. ಶಿವಗ ನಡೀತದಂದ್ರ ನನಗ್ಯಾಕ ನಡಿಯಂಗಿಲ್ಲ?"

ಇಡೀ ಬಸ್ಸು ನಕ್ಕಿತು. ಈ ಸಲ ಅತ್ತಿಯೂ ಕೂಡಿ ನಕ್ಕಳು. ತಪಾಸಣೆಯವರು ಕೈಮುಗಿದು ಇಳಿದುಹೋದರು. ಬರಬೇಡವೆಂದಿದ್ದ ಚೌಡಾಪುರದ ಎರಡು ಮನೆಗಳಲ್ಲಿ ಒಂದು ಮನೆಯವರು, ಕೂಸು ಬೇರೆ ಯಾರ ಕಾಲ ಮೇಲೂ ನಿಲ್ಲದೆ, ತಾವಾಗಿಯೇ ಹೇಳಿಕಳಿಸಿದರು. ಇನ್ನೊಂದು ಮನೆಯವರು ಕರೆಯಲೇ ಇಲ್ಲ.

ಇಷ್ಟೆಲ್ಲ ಗೆದ್ದು ಅತ್ತಿ ತಯಾರಾಗಿದ್ದರೆ, ನನ್ನ ಕೂಸು ಎಂಟನೇ ತಿಂಗಳಿಗೇ ಅವಸರ ಮಾಡಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೆಣ್ಣು ಕೂಸು, ಎರಡು ಕಿಲೋ ಕೂಡ ಇರಲಿಲ್ಲ. ಎರೆಯುವುದಿರಲಿ, ಎಣ್ಣೆಯನ್ನೂ ಮುಟ್ಟಿಸಬೇಡಿ ಎಂದರು. ಮೈ ತಣ್ಣಗಾಗದ ಹಾಗೆ ದಿನವೆಲ್ಲ ಯಾರಾದರೂ ಬರಿ ಎದೆಗೆ ಹಚ್ಚಿ ಹಿಡಿದುಕೊಂಡಿರಬೇಕು. ನನಗೋ ಮೈ ಸುಡುವ ಜ್ವರ. ನನ್ನ ಮನೆಯವರು ಅಂಗಿ ಬಿಚ್ಚಿ ಕೂತರು, ಅವರ ಎದೆಯೆಲುಬು ಚುಚ್ಚಿತೋ ಏನೋ, ಕೂಸು ಇದ್ದಷ್ಟು ಶಕ್ತಿ ಹಾಕಿ ಚೀರಿತು.

ಎರಡು ಬಸ್ಸು ಹತ್ತಿ, ನಾಲ್ಕು ಟಿಕೆಟ್ ತೆಗೆಸಿ ಅತ್ತಿ ಬಂದಳು. ಸಿಸ್ಟರ್ ಆಕೆಯನ್ನು ಒಮ್ಮೆ, ಕೂಸನ್ನು ಒಮ್ಮೆ ನೋಡಿ, ಇವರು ಹಿಡಿದರೆ ಕೂಸಿಗೆ ಉಸಿರು ಕಟ್ಟೀತು ಎಂದು ನನ್ನ ಮನೆಯವರ ಕಿವಿಯಲ್ಲಿ ಹೇಳಿದರು. ಅದು ಅತ್ತಿಗೂ ಕೇಳಿಸಿತು. ಆಕೆ ಜಗಳವಾಡಲಿಲ್ಲ. ಹೇಗೆ ಹಿಡಿಯಬೇಕೋ ತೋರಿಸಿರಿ, ನೀವು ಹೇಳಿದ ಹಾಗೇ ಹಿಡಿಯುತ್ತೇನೆ, ತಪ್ಪಿದರೆ ಕಸಿದುಕೊಳ್ಳಿರಿ ಎಂದಳು. ಸಿಸ್ಟರ್ ತೋರಿಸಿದರು. ಕುರ್ಚಿಯಲ್ಲಿ ಹಿಡಿಸದೆ ಮಂಚದ ಮೇಲೆ ಗೋಡೆಗೆ ಆತು ಕೂತ ಅತ್ತಿಯ ಎದೆಯ ಮೇಲೆ ಆ ಹಿಡಿಯಷ್ಟು ಜೀವವನ್ನು ಮಲಗಿಸಿ ಸೀರೆ ಸುತ್ತಿದರು. ಕೂಸು ಸುಮ್ಮನಾಯಿತು. ಸಂಜೆಗೆ ಅದರ ಅಂಗಾಲು ಬೆಚ್ಚಗಾಗಿತ್ತು. ಐದು ದಿನ ಅತ್ತಿ ಹಾಗೇ ಕೂತಳು, ಮೊಣಕಾಲು ಎಂದು ಒಮ್ಮೆಯೂ ಅನ್ನಲಿಲ್ಲ.

ಆರನೆಯ ದಿನ ನನ್ನ ಜ್ವರ ಇಳಿಯಿತು. ಇನ್ನು ತಾಯಿಗೇ ಕೊಡಿ ಎಂದರು ಸಿಸ್ಟರ್. ಅತ್ತಿ ಕೂಸನ್ನು ನನ್ನ ಎದೆಗಿಟ್ಟಳು. ಹೊಲಿಗೆ ಎಳೆಯುತ್ತಿತ್ತು, ಬೆನ್ನು ನಿಲ್ಲುತ್ತಿರಲಿಲ್ಲ. ಕೂಸು ಕೊಸರಾಡಿ ಅಳತೊಡಗಿತು. ನನ್ನಿಂದಾಗುವುದಿಲ್ಲ ಅತ್ತಿ, ನೀನೇ ತಗೋ ಎಂದೆ.

ಅತ್ತಿ ತಗೊಳ್ಳಲಿಲ್ಲ. ಮಂಚ ಹತ್ತಿ ನನ್ನ ಹಿಂದೆ ಬಂದು ಕೂತಳು. ಎರಡೂ ಕೈ ಸುತ್ತಿ ನನ್ನನ್ನು ತನ್ನ ಎದೆಗೆ ಒರಗಿಸಿಕೊಂಡಳು.

"ನೀ ಕೂಸಿನ ಹಿಡಿ ಯವ್ವಾ. ನಿನ್ನ ನಾ ಹಿಡೀತೇನಿ."

ನಾನು ಮೈ ಬಿಟ್ಟು ಒರಗಿದೆ. ನನ್ನ ಬೆನ್ನು ನಿಂತಿತು. ಕೂಸು ಎರಡು ಸಲ ಬಿಕ್ಕಿ ಮಲಗಿತು. ನನಗೆ ಅಳು ತಡೆಯಲಾಗಲಿಲ್ಲ. ಎಂಟನೇ ಇಯತ್ತೆಯಲ್ಲಿ ಅವ್ವ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಹಿಡಿದುಕೊಂಡಿರಲಿಲ್ಲ.