ಕ್ಷಮೆ ಕೇಳುವ ಬಾಸ್

ನನ್ನ ಬಾಸ್‌ನಷ್ಟು ನಾಚಿಕೆಯ ಗಂಡಸನ್ನು ನಾನು ಇಡೀ ಎಮಿರೇಟ್ಸ್‌ನಲ್ಲಿ ನೋಡಿಲ್ಲ. ಲೋಕದ ಜನ ತಪ್ಪು ಮಾಡಿ ನಾಚುತ್ತಾರೆ, ಕೆಲವರು ಮಾಡಿಯೂ ನಾಚುವುದಿಲ್ಲ. ಇವರು ಮಾತ್ರ ಬೆಳಿಗ್ಗೆ ಎದ್ದದ್ದಕ್ಕೇ ಕ್ಷಮೆ ಕೇಳುವ ಜಾತಿ!

ಎಕ್ಸ್‌ಪೋ ಬರುತ್ತದೆಂದು ದುಬೈಯನ್ನೆಲ್ಲ ಅಗೆದು ಹಾಕಿದ್ದ ವರ್ಷಗಳು ಅವು. ಅಲ್ ಕೂಜ್‌ನ ಗೋಡೌನೊಂದರ ಮಾಳಿಗೆಯಲ್ಲಿ ನಮ್ಮ ಆಫೀಸು. ಜಪಾನಿ ಗಾಡಿಗಳ ಬಿಡಿಭಾಗ ಮಾರುವ ಕಂಪನಿ, ನಾನು ಅಲ್ಲಿ ಸೆಕ್ರೆಟರಿ. ಜಪಾನಿನಿಂದ ಮ್ಯಾನೇಜರಾಗಿ ಬಂದ ಇವರು ನಲವತ್ತೈದರ ಆಸುಪಾಸಿನ, ತೆಂಗಿನ ಮರದಷ್ಟು ಎತ್ತರದ ಆಸಾಮಿ. ಬಲಭುಜ ಮಾತ್ರ ಎಡಕ್ಕಿಂತ ಕೊಂಚ ಇಳಿದಿತ್ತು. ಲಿಫ್ಟಿಗೆ ಮೊದಲು ಹತ್ತಿದರೆ ಹಿಂದೆ ಬಂದವರಿಗೆ ಬಾಗುವರು, ಕೊನೆಗೆ ಹತ್ತಿದರೆ ಮುಂದಿದ್ದವರಿಗೆ ಬಾಗುವರು. ಟೀ ತಂದುಕೊಟ್ಟವನಿಗಂತೂ ಎಷ್ಟು ಬಾಗುತ್ತಿದ್ದರೆಂದರೆ, ಆತ ಹೆದರಿ ಕಪ್ಪನ್ನು ನನ್ನ ಮೇಜಿನ ಮೇಲಿಟ್ಟು ಓಡತೊಡಗಿದ.

ಒಮ್ಮೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಗಿರಾಕಿಯೊಬ್ಬರನ್ನು ಕಂಡು, ಪಕ್ಕದ ಮಾಲ್‌ನಲ್ಲಿ ಊಟಕ್ಕೆ ಹೋದೆವು. ಬಟ್ಟೆ ಅಂಗಡಿಯ ಬಾಗಿಲಲ್ಲಿ ಇವರ ಮೊಣಕೈ ಯಾರಿಗೋ ತಾಗಿತು. ಸೊಂಟದವರೆಗೆ ಬಾಗಿ ನಿಂತುಬಿಟ್ಟರು. ಎದುರಿನವಳು ಮಾತಾಡಲಿಲ್ಲ. ಇವರು ಏಳಲೂ ಇಲ್ಲ. ಹೋಗಿಬರುವವರೆಲ್ಲ ನಿಂತು ನೋಡತೊಡಗಿದಾಗ ನಾನು ಹೋಗಿ, "ಸರ್, ಅದು ಸೀರೆ ಅಂಗಡಿಯ ಗೊಂಬೆ" ಎಂದು ಪಿಸುಗುಟ್ಟಿದೆ. ತಲೆಯೆತ್ತಿ ಗೊಂಬೆಯನ್ನು ನೋಡಿದರು. ಕಿವಿ ಕೆಂಪಾಯಿತು. ಆಮೇಲೆ ನನ್ನ ಕಡೆ ತಿರುಗಿ, ನನಗೆ ನಾಚಿಕೆ ತಂದದ್ದಕ್ಕೆಂದು ಮತ್ತೊಮ್ಮೆ ಬಾಗಿದರು. ಅಂಥವರ ಪಕ್ಕದಲ್ಲಿ ನಿಂತು ಮುಖ ಎಲ್ಲಿಟ್ಟುಕೊಳ್ಳುವುದು, ನೀವೇ ಹೇಳಿ.

ಇಂಥ ಮನುಷ್ಯ ಒಂದು ಕಾಲಕ್ಕೆ ಜಪಾನಿನ ಹೆಸರಾಂತ ಆಟಗಾರ ಎಂದರೆ ಯಾರು ನಂಬುತ್ತಾರೆ? ಗೊತ್ತಾದದ್ದು ಅಲ್ಲಿಂದ ಬಂದ ಒಬ್ಬ ಗಿರಾಕಿಯಿಂದ. ಆತ ಕೋಣೆಯೊಳಗೆ ಕಾಲಿಟ್ಟವನೇ ಇವರನ್ನು ಕಂಡು ಬೆರಗಾಗಿ ನಿಂತ. ಹೊರಡುವಾಗ ನನ್ನೊಡನೆ, "ಇವರು ಬೇಸ್‌ಬಾಲ್ ಪಿಚರ್. ನಾನು ಶಾಲೆಯಲ್ಲಿದ್ದಾಗ ಇವರ ಚಿತ್ರ ನನ್ನ ಗೋಡೆಯ ಮೇಲಿತ್ತು" ಎಂದ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿ ಬರುವುದಿಲ್ಲ, ನಿಂತಲ್ಲಿಂದಲೇ ಮೊಣಕೈ ಮಡಚಿ ಬೀಸಿ ಎಸೆಯುತ್ತಾರೆ.

ನಾನು ಒಳಗೆ ಹೋಗಿ ಕೇಳಿದರೆ, "ಅದು ಹಳೆಯ ಮಾತು. ಕ್ಷಮಿಸಿ" ಎಂದು ಕಂಪ್ಯೂಟರಿನ ಹಿಂದೆ ಅಡಗಿದರು.

ಮನೆಯಲ್ಲಿ ಈ ಸುದ್ದಿ ಹೇಳಿದೆ. ನಮ್ಮವರು ಕರಾವಳಿ ಹುಡುಗರ ಕ್ರಿಕೆಟ್ ಟೀಮಿನ ಕ್ಯಾಪ್ಟನ್. "ಎಂತ ಮಾರಾಯ್ತಿ, ಇಂಥವರನ್ನು ಆಫೀಸಿನಲ್ಲಿ ಇಟ್ಟುಕೊಂಡು ಸುಮ್ಮನಿದ್ದೀಯಲ್ಲ. ಶುಕ್ರವಾರ ಕರ್ಕೊಂಡು ಬಾ" ಎಂದರು. ನಾನು ಕರೆದೆ. ಇಲ್ಲ ಎನ್ನಲು ನಾಚಿಕೆಯಾಗಿ ಅವರು ಬಂದರು.

ಗೋಡೌನುಗಳ ಹಿಂದಿನ ಮರಳು ಮೈದಾನ, ಬೆಳಗಿನ ಬಿಸಿಲು, ಟೇಪು ಸುತ್ತಿದ ಟೆನಿಸ್ ಚೆಂಡು. ಬ್ಯಾಟು ಹಿಡಿದಿದ್ದವನು ಕಾರ್ಕಳದ ಒಬ್ಬ ಎಸಿ ಮೆಕ್ಯಾನಿಕ್. ಬಾಸ್ ಎಸೆದ ಮೊದಲ ಚೆಂಡು ಯಾರ ಕಣ್ಣಿಗೂ ಬೀಳಲಿಲ್ಲ, ಹಿಂದಿನ ತಗಡಿಗೆ ಬಡಿದ ಶಬ್ದ ಮಾತ್ರ ಕೇಳಿತು. ಅಂಪೈರ್ ಆಗಿದ್ದ ಬಂಟ್ವಾಳದ ಹಿರಿಯರು ಕೈ ಚಾಚಿ, "ನೋ ಬಾಲ್. ಕೈ ಮಡಚಿ ಎಸೀಲಿಕ್ಕಿಲ್ಲ" ಎಂದರು. ಬಾಸ್ ಬಾಗಿದರು. ಎರಡನೆಯದೂ ನೋ ಬಾಲ್. ಮೂರನೆಯದೂ ಅದೇ. ಜಪಾನನ್ನೇ ನಡುಗಿಸಿದವರಿಗೆ ಅಲ್ ಕೂಜ್‌ನಲ್ಲಿ ಒಂದು ಚೆಂಡೂ ಲೆಕ್ಕಕ್ಕೆ ಸಿಗಲಿಲ್ಲ! ನೋಡುವವರು ಹೊಟ್ಟೆ ಹಿಡಿದು ನಗುತ್ತಿದ್ದರು. ಕರೆದುಕೊಂಡು ಬಂದ ನನಗೆ ಅಲ್ಲೇ ಮರಳಿನಲ್ಲಿ ಹೂತುಹೋಗೋಣ ಅನ್ನಿಸಿತು.

ಆಮೇಲೆ ಅವರು ಕೈ ನೇರ ಮಾಡಿ ಹಾಕಲು ನೋಡಿದರು. ಚೆಂಡು ಜಾರಿ ಮೆಕ್ಯಾನಿಕ್‌ನ ಪಕ್ಕೆಗೆ ಬಡಿಯಿತು. ಆತ "ಅಯ್ಯಮ್ಮ" ಎಂದು ಕುಳಿತ, ಎರಡು ನಿಮಿಷಕ್ಕೆ ಎದ್ದೂ ನಿಂತ. ಏಳದಿದ್ದವರು ಬಾಸ್. ಮರಳಿನ ಮೇಲೆ ಮಂಡಿಯೂರಿ, ಹಣೆ ನೆಲಕ್ಕಿಟ್ಟು ಹಾಗೇ ಇದ್ದರು. 

ಮರುದಿನ ಆಫೀಸಿನಲ್ಲಿ ಅವರಾಗಿಯೇ ಹೇಳಿದರು. ಹತ್ತೊಂಬತ್ತಕ್ಕೇ ದೊಡ್ಡ ತಂಡ, ಇಪ್ಪತ್ತೈದರೊಳಗೆ ದೊಡ್ಡ ಹೆಸರು. ಭುಜಕ್ಕೆ ಆಪರೇಷನ್ ಆಗಿ ಮತ್ತೆ ಎಸೆಯತೊಡಗಿದ ಮೇಲೆ ಒಂದು ದಿನ ಚೆಂಡು ಕೈ ತಪ್ಪಿ, ಬ್ಯಾಟು ಹಿಡಿದಿದ್ದ ಎದುರು ತಂಡದ ಹುಡುಗನೊಬ್ಬನ ಕೆನ್ನೆಗೆ ಬಡಿಯಿತಂತೆ. ಅವನ ಒಂದು ಕಣ್ಣು ಮಂದವಾಯಿತು, ಅವನ ಆಟವೂ ಅಲ್ಲಿಗೇ ಮುಗಿಯಿತು. ಅಂದಿನಿಂದ ಇವರ ಕೈ ಯಾರ ಹತ್ತಿರಕ್ಕೂ ಚೆಂಡು ಎಸೆಯಲೊಲ್ಲದು. ಎಲ್ಲವೂ ದೂರ, ಎಲ್ಲವೂ ವ್ಯರ್ಥ. ಹಾಗೆ ಎಸೆದೆಸೆದೇ ಒಂದು ದೊಡ್ಡ ಪಂದ್ಯವನ್ನೂ ಕಳೆದುಕೊಂಡರು. "ಜನ ಬೈಯಲಿಲ್ಲ. ಇಡೀ ಸ್ಟೇಡಿಯಂ ಸುಮ್ಮನಿತ್ತು" ಎಂದರು. ಆಟ ಬಿಟ್ಟು ಈ ಕಂಪನಿ ಸೇರಿ, ಬೇಸ್‌ಬಾಲ್ ಯಾರಿಗೂ ಗೊತ್ತಿಲ್ಲದ ಊರಿಗೆ ಕಳಿಸಿ ಎಂದು ಬೇಡಿಕೊಂಡು ಬಂದರಂತೆ.

"ಆ ಹುಡುಗನ ಹತ್ತಿರ ಮಾತಾಡಿದಿರಾ ಸರ್?"

"ಅವನು ತುಂಬ ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ. ಯಾವ ಮುಖದಿಂದ ಎತ್ತಲಿ?"

ಅಂದಿನಿಂದ ದಿನಾ ಸಂಜೆ ಮೆಕ್ಯಾನಿಕ್‌ನ ರೂಮಿಗೆ ಒಂದು ಕಲ್ಲಂಗಡಿ ಹಣ್ಣು ಹೊತ್ತುಕೊಂಡು ಹೋಗಿ, ಬಾಗಿ, ಇಟ್ಟು ಬರತೊಡಗಿದರು. ವಾರ ಕಳೆಯುವುದರೊಳಗೆ ಆತ ನನಗೆ ಫೋನ್ ಮಾಡಿದ.

"ಅಕ್ಕ, ನಂಗೆ ಎಂತದೂ ಆಗ್ಲಿಲ್ಲ. ರೂಮಿನಲ್ಲಿ ಮಲಗ್ಲಿಕ್ಕೆ ಜಾಗ ಇಲ್ಲ, ಮಂಚದ ಅಡಿಗೆಲ್ಲ ಬಚ್ಚಂಗಾಯಿ. ಬಾಕಿಯವರು ನನ್ನನ್ನು ಹೊರಗೆ ಹಾಕ್ತಾರೆ. ಶುಕ್ರವಾರ ಅವರನ್ನು ಒಮ್ಮೆ ಗ್ರೌಂಡಿಗೆ ಕರ್ಕೊಂಡು ಬನ್ನಿ."

ಕರೆದುಕೊಂಡು ಹೋದೆ. ಬೇರೆ ಯಾರೂ ಇರಲಿಲ್ಲ. ಆತ ಬ್ಯಾಟು ಹಿಡಿದು ನಿಂತು, "ಹಾಕಿ ಸರ್. ನಿಮ್ಮ ಊರಿನ ಹಾಗೇ ಹಾಕಿ" ಎಂದ. ಬಾಸ್ ಬೇಡವೆಂದು ತಲೆಯಾಡಿಸಿದರು. ಆತ ಬಿಡಲಿಲ್ಲ. ಕೊನೆಗೆ ಎಸೆದರು. ಚೆಂಡು ಆತನಿಂದ ಬಹು ದೂರದಲ್ಲಿ ಹೋಯಿತು.

"ಇಲ್ಲಿ ಹಾಕಿ, ಇಲ್ಲಿ" ಎಂದು ಆತ ಎದೆಯ ಮುಂದೆ ಕೈಯಾಡಿಸಿದ. ಮತ್ತೆ ದೂರ, ಮತ್ತೆ ದೂರ. ಬಾಸ್‌ನ ಅಂಗಿ ಬೆವರಿ ತೊಪ್ಪೆಯಾಗಿತ್ತು. "ಯಲ್ಲಾ, ಬೇಗ ಹಾಕಿ ಸರ್, ನಾನು ಹೋಗುದಿಲ್ಲ, ಇಲ್ಲೇ ಉಂಟು" ಎಂದು ಆತ ಕೂಗಿದ. ಆಗ ಅವರು ಒಂದು ಕಾಲೆತ್ತಿ, ಮೈಯೆಲ್ಲ ಬಿಲ್ಲಿನಂತೆ ಬಗ್ಗಿಸಿ ಎಸೆದರು. ಚೆಂಡು ಆತನ ಎದೆಯ ಮುಂದೆ, ಅಂಗಿಯ ಗುಂಡಿಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಆತ ಅಲುಗಲಿಲ್ಲ.

ಬಾಸ್ ಓಡಿಹೋಗಿ ಆತನ ಎರಡೂ ಭುಜ ಹಿಡಿದುಕೊಂಡರು. ನಾನು ಹತ್ತಿರ ಹೋದಾಗ ಆತ ಬ್ಯಾಟನ್ನು ನನ್ನ ಕೈಗೆ ಕೊಟ್ಟ. "ಹೆದರಿಕೆ ಆಯ್ತಕ್ಕ. ಅವರಿಗೆ ಹೇಳ್ಬೇಡಿ" ಎಂದ ಮೆಲ್ಲಗೆ.

ಬಾಸ್ ಕಾರಿನೊಳಗೆ ಹೋಗಿ ಕುಳಿತು ಫೋನ್ ತೆಗೆದರು. ಬಹಳ ಹೊತ್ತು ಅದನ್ನು ನೋಡುತ್ತಲೇ ಇದ್ದು, ಆಮೇಲೆ ಕಿವಿಗಿಟ್ಟುಕೊಂಡರು. ನಾವಿಬ್ಬರೂ ಹೊರಗೆ ಗೋಡೆಯ ನೆರಳಿನಲ್ಲಿ ನಿಂತೆವು. ಗಾಜು ಇಳಿದಿತ್ತು, ಮಾತು ಕೇಳುತ್ತಿತ್ತು. ಜಪಾನಿ ಭಾಷೆ ನನಗೆ ಬಾರದು. ನಡುವೆ ಒಂದೇ ಒಂದು ಪದ ತಿಳಿಯಿತು, "ದುಬೈ". ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ ಎಂದು ಆ ಕಡೆಯಿಂದ ಆ ಹುಡುಗ ಕೇಳಿರಬೇಕು.