ಅತ್ತೆಗೆ ಮೊದಲು ಚಕ್ರ ತೋರಿಸಬೇಕು

ಯಡ್ತರೆಯಲ್ಲಿರುವ ನಮ್ಮ ಅತ್ತೆಯ ಮನೆಗೆ ಕಾರಿನಲ್ಲಿ ಹೋದರೆ ಅವರು ನಿಮ್ಮ ಮುಖ ನೋಡುವುದು ಕೊನೆಗೆ! ಮೊದಲು ಕಾರಿನ ನಾಲ್ಕು ಚಕ್ರ, ಆಮೇಲೆ ಡಿಕ್ಕಿಯಲ್ಲಿರುವ ಐದನೆಯದು. ಅವೆಲ್ಲ ಆರೋಗ್ಯವಾಗಿದ್ದರೆ ನಿಮ್ಮ ಕ್ಷೇಮಸಮಾಚಾರ. ಕಾಫಿ ಅದಕ್ಕೂ ನಂತರ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಕಾರು ಬಿಡಲು ಬಾರದು. ಆದರೆ ಮಾವ ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಷ್ಟು ಕಾಲವೂ ಅದರ ಚಕ್ರಗಳ ಯೋಗಕ್ಷೇಮ ಇವರದೇ. "ಮದಿ ದಿನ್ವೂ ಇವ್ಳ್ ನನ್ ಮೋರಿ ಕಾಣ್ಲಿಲ್ಲೆ ಮಾರಾಯಾ, ಟ್ಯಾಕ್ಸಿ ಚಕ್ರ ಕಂಡದ್!" ಎಂದು ಮಾವ ಈಗಲೂ ಜಗಲಿಯಲ್ಲಿ ಕೂತು ಮದುವೆ ದಿನದ ದೂರು ಹೇಳುತ್ತಾರೆ.

ಪರೀಕ್ಷೆ ಯಾವಾಗಲೂ ಸರಿಯಾಗುತ್ತದೆಯೇ? ಎಲ್ಲಿಂದ! ಒಮ್ಮೆ ಅವರ ಮಗಳನ್ನು ನೋಡಲು ಶಿರೂರಿನಿಂದ ಹುಡುಗನ ಕಡೆಯವರು ಬಂದಿದ್ದರು. ಅವರ ಕಾರಿನ ಚಕ್ರದಲ್ಲಿ ಸೀಳು ಕಂಡ ಅತ್ತೆ, "ಇದ್ರಗೆ ವಾಪಾಸ್ ಹೋಪುದ್ ಬ್ಯಾಡ" ಎಂದು ಎಲ್ಲರನ್ನೂ ಊಟಕ್ಕೂ ನಿಲ್ಲಿಸಿಕೊಂಡರು. ಸಂಜೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದಾಗ ಸೀಳು ಬೆರಳಿಗೇ ಅಂಟಿಕೊಂಡು ಬಂತು. ಹಲಸಿನ ಮೇಣ! ಅಷ್ಟು ಹೊತ್ತಿಗೆ ಹುಡುಗ ಹುಡುಗಿ ಬೇಕಾದಷ್ಟು ಮಾತಾಡಿ ಒಪ್ಪಿಯೂ ಆಗಿತ್ತು. ಆ ಮದುವೆಗೆ ತಮ್ಮ ಚಕ್ರಪರೀಕ್ಷೆಯೇ ಕಾರಣ ಎಂಬುದು ಅತ್ತೆಯ ವಾದ.

ಕಳೆದ ತಿಂಗಳು ನನ್ನ ಸರದಿ. ಹೆದ್ದಾರಿಯಲ್ಲಿ ಹೊಂಡಕ್ಕೆ ಬಿದ್ದ ಮೇಲೆ ನನ್ನ ಕಾರಿನ ಸ್ಟೇರಿಂಗ್ ನಡುಗುತ್ತಿತ್ತು. ಅತ್ತೆ ಜಾಕ್ ಕೊಡಿಸಿ, ಮುಂದಿನ ಚಕ್ರ ತಿರುಗಿಸಿ, ರಿಮ್ಮಿನ ಅಂಚಿಗೆ ಹಿಡಿಸೂಡಿ ಪೊರಕೆಯ ಕಡ್ಡಿ ಹಿಡಿದರು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಕಡ್ಡಿ ಟಕ್ ಎಂದಿತು.

"ಬೆಂಡ್ ಆಯ್ತ್. ಒಳ್ಬದಿ ಸೀಳೂ ಬಿಟ್ಟಿತ್. ಬದ್ಲ್ಸುಕೇ ಬೇಕ್."

ಈ ಸಲ ಮೇಣವಲ್ಲ, ನಾನೇ ಉಜ್ಜಿ ನೋಡಿದೆ!

ನನಗೆ ಒಳಗೊಳಗೇ ಖುಷಿ. ಮರುದಿನ ಬಾಣಂತನ ಮುಗಿಸಿದ ಹೆಂಡತಿಯನ್ನು ಕರೆತರಲು ಅವಳ ತವರಿಗೆ, ಬ್ರಹ್ಮಾವರಕ್ಕೆ, ಹೋಗುವುದಿತ್ತು. ಒಂದರ ನೆಪದಲ್ಲಿ ನಾಲ್ಕಕ್ಕೂ ಮಿರಿಮಿರಿ ಮಿಂಚುವ ದೊಡ್ಡ ಅಲಾಯ್ ಚಕ್ರ ಹಾಕಿಸಿಕೊಂಡು ಹೋದರೆ ಅಳಿಯನ ಗತ್ತೇ ಬೇರೆಯಲ್ಲವೇ?

ಕುಂದಾಪುರದ ಅಂಗಡಿಯಲ್ಲಿ ನಾನು ಆರಿಸಿದ್ದನ್ನು ಅತ್ತೆ ಸುಮ್ಮನೆ ಬಿಟ್ಟಾರೆಯೇ? ನಟ್ಟಿನ ತೂತು ಎಣಿಸಿದರು, ತೂತಿನಿಂದ ತೂತಿಗೆ ಅಳೆಸಿದರು. ಎಲ್ಲ ಸರಿ. ಆದರೂ ಹಾಕಿಸಿಯೇ ನೋಡಬೇಕಂತೆ, ಅದೂ ಜನ ತುಂಬಿಸಿ! "ಹ್ವಾಯ್, ಹತ್ತಿ ಕೂಕಣಿ" ಎಂದು ಅಂಗಡಿಯ ದಪ್ಪನೆಯ ಯಜಮಾನರನ್ನು ನನ್ನ ಪಕ್ಕಕ್ಕೂ, ಟಯರಿಗೆ ಬಂದಿದ್ದ ಇಬ್ಬರು ಗಿರಾಕಿಗಳನ್ನು ಹಿಂದಕ್ಕೂ ಹತ್ತಿಸಿದರು.

"ಅಮ್ಮಾ, ಅಂಗ್ಡಿ ಕಾಂಬುದ್ ಯಾರ್?" ಯಜಮಾನರು ಕೇಳಿದರು.

"ಅಂಗ್ಡಿ ಎಲ್ಲೂ ಓಡಿ ಹೋತಿಲ್ಲೆ. ನೀವ್ ಕೂಕಣಿ."

ಸ್ಟೇರಿಂಗ್ ಪೂರ್ತಿ ತಿರುಗಿಸಿ ಕಾರು ಬಿಟ್ಟೆ. ಟಯರು ಮಡ್‌ಗಾರ್ಡಿಗೆ ತಾಗಿ ಕರ್ರ್ ಎಂದಿತು. ತಮ್ಮ ಸರಕಿನ ಮೇಲೆ ಯಜಮಾನರೇ ಒಳಗಿಂದ ತೀರ್ಪು ಕೊಟ್ಟರು: "ಇದ್ ಆತಿಲ್ಲೆ!"

ಕೊನೆಗೆ ಹಾಕಿಸಿದ್ದು ಮೊದಲಿನ ಅಳತೆಯದೇ ಸಾದಾ ಕಬ್ಬಿಣದ ಚಕ್ರ, ನಾಲ್ಕಕ್ಕೂ ದಪ್ಪ ಟಯರು. "ಥೇಟ್ ಬಾಡ್ಗಿ ಕಾರ್ ಕಂಡಂಗೆ ಆಯ್ತ್" ಎಂದು ನಾನು ಗೊಣಗಿದೆ.

ಯಾವಾಗಲೂ ಮುಂದೆ ಕೂರುವ ಅತ್ತೆ ಹಿಂದಿನ ಸೀಟಿಗೆ ಹೋದರು. ಬಿಜೂರಿನಲ್ಲಿ ನಮ್ಮ ಮನೆಗೆ ತಿರುಗುವ ಒಳದಾರಿಯಲ್ಲಿ ಒಂದು ಹೊಂಡವಿದೆ. "ಮೆಲ್ಲ ಇಳ್ಸ್, ಕಾಂಬ" ಎಂದರು. ಇಳಿಸಿ ಹತ್ತಿಸಿದೆ. "ಇನ್ನೊಂದ್ ಸಲ." ಇದೆಂಥ ಹಟ ಎಂದು ಕನ್ನಡಿಯಲ್ಲಿ ನೋಡಿದರೆ, ಟವೆಲೊಂದನ್ನು ಸುತ್ತಿ ಎಡಗೈ ತೋಳಿನ ಮೇಲೆ ಮಲಗಿಸಿಕೊಂಡು, ಅದು ಅಲುಗುತ್ತದೋ ಎಂದು ಬಗ್ಗಿ ನೋಡುತ್ತಿದ್ದಾರೆ.

"ಅದೆಂತ ಮಾಡುದ್ ಅತ್ತೆ?"

"ನಾಳೆ ಹೆಂಡ್ತಿ ಒಬ್ಳನ್ನೇ ಕರ್ಕಂಡ್ ಬಪ್ಪುದಾ ನೀನ್? ಮಗು ಇಲ್ಯಾ? ಅದ್ರ ಕುತ್ಗಿ ಇನ್ನೂ ಗಟ್ಟಿ ಆಯ್ಲಿಲ್ಲೆ ಮಾಣಿ."

ಕಾರನ್ನು ಹಿಂದಕ್ಕೆ ತಂದು, ಆ ಹೊಂಡಕ್ಕೆ ಇನ್ನೊಮ್ಮೆ, ಇನ್ನಷ್ಟು ಮೆಲ್ಲಗೆ ಇಳಿಸಿದೆ.